ಹಿಡಿಯೊಳಗಿನ ಜಂಗು

ಉದ್ಯಮಬಾಗದ ಫೌಂಡ್ರಿಯ ಲ್ಯಾಬಿನಲ್ಲಿ
ದಿನಕ್ಕೆ ಹನ್ನೆರಡು ತುಂಡು ಕತ್ತರಿಸುತ್ತೇನೆ,
ತಿಕ್ಕುತ್ತೇನೆ, ಆಮ್ಲ ಸವರುತ್ತೇನೆ,
ಸೂಕ್ಷ್ಮದರ್ಶಕದಡಿ ಕಣ ಎಣಿಸಿ ಸಹಿ ಹಾಕುತ್ತೇನೆ.
ಇದನ್ನು ಕತ್ತರಿಸುವಂತಿಲ್ಲ.

ಸುಲೋಚನಾ ಹಲಗೇಕರ ಸ್ಕೂಟರಿಗೆ ಕಟ್ಟಿ ತಂದಿದ್ದಳು,
ಪರದೆಕೋಲಿನ ಹಾಗೆ, ಶಹಾಪುರದ ಹಳೇ ಸೀರೆ ಸುತ್ತಿ.
ಅಜ್ಜ ಜೋತಿಬಾ, ಮರಾಠಾ ಪಲ್ಟನ್ನಿನ ಹವಾಲ್ದಾರ,
ಬರ್ಮಾದಿಂದ ಹೊತ್ತು ತಂದದ್ದು. ಯಾರ ಕೈಯಿಂದ ಎಂದು
ಮನೆಯಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.
ಈಗ ಕ್ಯಾಂಪ್ ಠಾಣೆಯ ಫಾರ್ಮಿನಲ್ಲಿ ಎರಡು ಖಾಲಿ ಮನೆ:
ತಯಾರಕರ ಹೆಸರು. ತಯಾರಾದ ಇಸವಿ.
"ನೀವು ಕಬ್ಬಣದ ಮಂದಿ, ಬರದ ಕೊಡ್ರಿ ಸರ."

ಕಬ್ಬಿಣ ಗೊತ್ತು. ಕತ್ತಿ ಗೊತ್ತಿಲ್ಲ.
ಒಮ್ಮೆ ಪಂಪಿನ ಎರಕ ನೋಡಲು ಬಂದ ಜಪಾನಿ ಇಂಜಿನಿಯರು
ಬಿಟ್ಟುಹೋದ ಚಿತ್ರದ ಪುಸ್ತಕವೊಂದಿದೆ,
ಹತ್ತು ವರ್ಷದ ಭಾನುವಾರ ತಿಂದದ್ದು.
ಅದರ ಪ್ರಕಾರ ಘರಾಣೆಗಳು ಐದು, ಹಾಡಿನವರಿಗಿದ್ದ ಹಾಗೆ:
ಎಳೆ ತಿರುಗಿಸುವುದರಲ್ಲೇ ಗುರು ಯಾರೆಂದು ಹಿಡಿಯಬೇಕು.

ಒರೆ ಚರ್ಮ ಹೊದ್ದದ್ದು, ಯುದ್ಧದ ವರ್ಷದ್ದು.
ಅಂಗಿ ಹೊಸದು, ಮೈ ಬೇರೆ.
ಕಿಟಕಿಯ ಬೆಳಕಿಗೆ ಹಿಡಿದು
ಮೊರ ವಾಲಿಸುವ ಹಾಗೆ ನಿಧಾನ ವಾಲಿಸಿದೆ.
ಅಂಚಿನುದ್ದ ಬಿಳೀ ಮಂಜು, ಅದರಲ್ಲಿ ಅಲ್ಲಲ್ಲಿ ಚೂಪು ಹಲ್ಲು,
ಕುಂಬಳಬೀಜ ನೆಟ್ಟಗೆ ನಿಲ್ಲಿಸಿದಂತೆ.
ಬೆನ್ನಿನ ಬದಿಗೆ ನೇರ ಎಳೆ, ಸಾಗವಾನಿ ಸೀಳಿದಂತೆ.
ಬಾಗು ಕಡಿಮೆ, ಇದ್ದದ್ದೂ ತುದಿಯ ಕಡೆಗೆ:
ಕುದುರೆ ಮೇಲಿನವನದಲ್ಲ,
ನೆಲದ ಮೇಲೆ ಓಡಿದವನದು.

"ಮೀನೋ ಅನಸ್ತೈತಿ" ಅಂದೆ.
"ಮೀನೋ ಮೊಸಳ್ಯೋ, ಫಾರ್ಮಿನ್ಯಾಗ ಏನ ಬರೀತೀರಿ?"
ಮೀನೋ ಒಂದು ಸೀಮೆಯ ಹೆಸರು ಎನ್ನುವಷ್ಟರಲ್ಲಿ
ಇಬ್ಬರಿಗೂ ನಗು ತಡೆಯಲಿಲ್ಲ.

ಆಮೇಲೆ ಹಿಡಿಯ ಗೂಟ ತಟ್ಟಿ ತೆಗೆದೆ. ಬಿದಿರಿನದಿರಬೇಕಿತ್ತು.
ಬೇವಿನ ಕಡ್ಡಿ, ಚಾಕುವಿನಲ್ಲಿ ಹೆರೆದದ್ದು.
"ಅಜ್ಜಂದರಿ ಅದು," ಅಂದಳು,
"ಹಲ್ಲ ತಿಕ್ಕೂ ಕಡ್ಡೀನೂ ಹಿಂಗ ಹೆರೀತಿದ್ದ."

ಒಳಗಿನ ಬಾಲದ ಮೇಲೆ ಸಹಿ ಇಲ್ಲ.
ಎರಡು ತೂತು. ತುದಿ ಚೌಕ ಕತ್ತರಿಸಿದ್ದು.
ಗಿಡ್ಡನೊಬ್ಬ ತನ್ನ ಅಳತೆಗೆ ಮೋಟು ಮಾಡಿಸಿದಾಗ
ಹೆಸರು ಕುಲುಮೆಯ ಬೂದಿಗೆ ಬಿದ್ದಿರಬೇಕು,
ಅಥವಾ ಹೆಸರು ಇರಲೇ ಇಲ್ಲ.

ಕಾಕತಿಯಲ್ಲಿ ನಮ್ಮಪ್ಪ ನಲವತ್ತು ವರ್ಷ ಕುಡಗೋಲು ಬಡಿದ.
ಒಂದಕ್ಕೂ ಮುದ್ರೆ ಒತ್ತಲಿಲ್ಲ. "ಕೊಂಡವಗ ಗೊತ್ತೈತಿ" ಅನ್ನುತ್ತಿದ್ದ.
ಹೋದ ಸುಗ್ಗಿಯಲ್ಲಿ ಹುಕ್ಕೇರಿಯ ಯಾರದೋ ಹಿತ್ತಲಲ್ಲಿ
ಗೋಡೆಗೆ ಸಿಗಿಸಿದ್ದು ಕಂಡೆ. ಮೂಗು
ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು.
ನಮ್ಮಪ್ಪ ಎಡಚ.
ಮನೆಯವರನ್ನು ಏನೂ ಕೇಳದೆ
ಕೊಟ್ಟ ನೀರು ಕುಡಿದು ಎದ್ದು ಬಂದೆ.

ಜಂಗು ನೋಡಿದೆ. ಒಳಗಿನದು ಕಪ್ಪು,
ಹಂಚಿನ ತಳದಂತೆ ನುಣುಪು, ಉಗುರಿಗೆ ಏಳುವುದಿಲ್ಲ.
ಇಷ್ಟು ಕಪ್ಪಾಗಲು ನಾನೂರು ವರ್ಷವಾದರೂ ಬೇಕು.
ಹಿಡಿಯ ಬಾಯಲ್ಲಿ, ಅಲಗಿನ ಬುಡದಲ್ಲಿ ಕೆಂಪು ಗುಳಿ:
ಎಪ್ಪತ್ತೆಂಟು ಖಂಡೇನವಮಿಯ ಅರಿಷಿಣ ಕುಂಕುಮ,
ಬೆಳಗಾವಿಯ ಜಿಟಿಜಿಟಿ.
ಕರೀದು ಅವರದು. ಕೆಂಪು ನಮ್ಮದು.

"ಹುಣಸೀಹಣ್ಣ ಹಚ್ಚಿ ತಿಕ್ಕಿದ್ರ ಫಳಫಳ ಅಂತೈತೇನ್ರಿ?"
"ಕೈ ಹಚ್ಚಬ್ಯಾಡ ತಂಗಿ. ಇಸವಿ ಇರೂದು ಅದರಾಗ ಅಷ್ಟ."

ಬೇವಿನ ಕಡ್ಡಿ ಅಂಗೈಯಲ್ಲಿ ಒತ್ತಿದೆ, ಟಕ್ಕೆಂದು ಕೂತಿತು.
ಫಾರ್ಮಿನಲ್ಲಿ ಪೆನ್ಸಿಲಿನಿಂದ ಬರೆದೆ:
ಸುಮಾರು ೧೫೫೦. ಮೇಲಿನ ಮನೆಯಲ್ಲಿ: ಮೀನೋ, ಇರಬಹುದು.

ಮಧ್ಯಾಹ್ನ ಮೂರಕ್ಕೆ ಠಾಣೆಯಿಂದ ಫೋನು:
"ಸರ, ಈ ಇರಬಹುದು ಅನ್ನೂ ಕಂಪನಿ
ಯಾವ ಊರಾಗ ಐತ್ರಿ?"